ಜಿಗಳ ಪೈಪೋಟಿ, ಗುಡ್ಡದಾಚೆಯ ರೇಂಜ್

ಮೊಬೈಲ್ ಜಾಲದ ಹೊಸ ತಲೆಮಾರಿನ ಸುದ್ದಿ ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ: ಯಾವ ತಂತ್ರಜ್ಞಾನ ಗೆಲ್ಲುತ್ತದೆ, ಯಾವಾಗ ಬರುತ್ತದೆ? ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ ಇರುವ ಮಂಗಳೂರಿಗೆ ಮೂರನೆಯದೂ ಇದೆ: ಅದು ಘಟ್ಟದ ಬುಡ ಮುಟ್ಟುವುದು ಎಂದು? ಮೂವತ್ತು ವರ್ಷಗಳ ಚರಿತ್ರೆ ನೋಡಿದರೆ ಈ ಕೊನೆಯ ಪ್ರಶ್ನೆಯೇ ದೊಡ್ಡದು.

ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ಹೋಯಿತು. ಅಂದು ಒಪ್ಪಿಕೊಂಡದ್ದು ಯುರೋಪಿನ ಜಿಎಸ್‌ಎಂ ತಂತ್ರಜ್ಞಾನ. ಕರ್ನಾಟಕದಲ್ಲಿ ಜೆಟಿಎಂ ಮತ್ತು ಸ್ಪೈಸ್ ಕಂಪನಿಗಳು ಆ ಜಾಲ ಕಟ್ಟಿದವು. 2002ರ ಕೊನೆಗೆ ರಿಲಯನ್ಸ್ ಅಮೆರಿಕದ ಸಿಡಿಎಂಎ ತಂದು, ಮರುವರ್ಷ 501 ರೂಪಾಯಿ ಕಟ್ಟಿದವರ ಕೈಗೂ ಫೋನ್ ಇಟ್ಟಿತು. ಧ್ವನಿ ಸ್ಪಷ್ಟವಾಗಿತ್ತು, ಆದರೆ ಹ್ಯಾಂಡ್‌ಸೆಟ್ ಕಂಪನಿಗೆ ಅಂಟಿಕೊಂಡಿತ್ತು. ಜಿಎಸ್‌ಎಂನಲ್ಲಾದರೆ ಸಿಮ್ ಬದಲಿಸಿದರೆ ಸಾಕು. ಗಲ್ಫ್‌ನಿಂದ ತಂದ ಫೋನೂ ಕರಾವಳಿಯಲ್ಲಿ ನಡೆಯುತ್ತಿತ್ತು. ಸಿಡಿಎಂಎ ಕ್ರಮೇಣ ಮರೆಯಾಯಿತು.

4ಜಿ ಹೊತ್ತಿಗೆ ವೈಮ್ಯಾಕ್ಸ್ ಮತ್ತು ಎಲ್‌ಟಿಇ ಎಂಬ ತಂತ್ರಜ್ಞಾನಗಳು ಎದುರುಬದುರಾದವು. ಬಿಎಸ್‌ಎನ್‌ಎಲ್ ವೈಮ್ಯಾಕ್ಸ್ ಹಾಕಿತು. ಜಗತ್ತು ಎಲ್‌ಟಿಇ ಕಡೆ ವಾಲಿತು. 2010ರ ಹರಾಜಿನಲ್ಲಿ ದೇಶವ್ಯಾಪಿ ತರಂಗಾಂತರ ಪಡೆದ ಕಂಪನಿಯನ್ನು ರಿಲಯನ್ಸ್ ಕೂಡಲೇ ಕೊಂಡಿತು. ಆದರೂ ಅದರ ಜಿಯೋ ಸೇವೆ ಜನರಿಗೆ ತೆರೆದದ್ದು 2016ರ ಸೆಪ್ಟೆಂಬರ್ 5ರಂದು. ತರಂಗಾಂತರ ಕೈಸೇರಿದ ಆರು ವರ್ಷಕ್ಕೆ!

ಈ ವಿಳಂಬದ ಬೆಲೆ ಗುಡ್ಡಗಾಡಿಗೆ ಹೆಚ್ಚು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿ ಕೂತು ಆನ್‌ಲೈನ್ ತರಗತಿ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ನೋಡಿತು. ಅಂಥ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ಲೇ ಆಸರೆ. ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರೂ ಮೌನ. ಸರಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಮತ್ತು ಟಿಸಿಎಸ್ ಸೇರಿ ರೂಪಿಸಿದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ, ಗಡುವಿನ ಮೇಲೆ ಗಡುವು ದಾಟಿ, 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು.

5ಜಿಗೆ ಮುಂಚೆ ಭಾರತವೂ ಸ್ವಂತ ಮಾನದಂಡ ಮಂಡಿಸಿತ್ತು. ಮದ್ರಾಸ್ ಮತ್ತು ಹೈದರಾಬಾದ್ ಐಐಟಿಗಳ ಪರಿಣತರು ದುಡಿದ 5ಜಿಐ, ಗ್ರಾಮಗಳಲ್ಲಿ ಟವರ್‌ಗಳು ಆರು ಕಿಲೋಮೀಟರ್ ದೂರವಿದ್ದರೂ ಸಂಪರ್ಕ ಸಿಗಲೆಂದು ಹೊರಟದ್ದು. 2021ರ ಕೊನೆಗೆ ಅದರ ಸಾರ ಜಾಗತಿಕ ಮಾನದಂಡದಲ್ಲಿ ಸೇರಿತು. ಅದು ಸೋಲಲ್ಲ: ಎರಡು ಮಾನದಂಡವಿದ್ದರೆ ಹ್ಯಾಂಡ್‌ಸೆಟ್ ದುಬಾರಿಯಾಗುತ್ತದೆ, ಹಳ್ಳಿಯವರೇ ಹಿಂದುಳಿಯುತ್ತಾರೆ.

2022ರ ತರಂಗಾಂತರ ಹರಾಜಿನಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿ ಬಂತು. ಅಕ್ಟೋಬರ್ 1ರಂದು 5ಜಿ ಶುರುವಾಯಿತು. ಬೆಂಗಳೂರು ಮೊದಲ ಸಾಲಿನಲ್ಲಿತ್ತು, ಮಂಗಳೂರು 2023ರ ಹೊತ್ತಿಗೆ ಸೇರಿತು. ಜಿಯೋ ಪೂರ್ತಿ ಹೊಸ 5ಜಿ ಜಾಲ ಹಾಕಿತು, ಏರ್‌ಟೆಲ್ 4ಜಿ ಬೆನ್ನ ಮೇಲೆ ಆರಂಭಿಸಿತು. ವೇಗ ಕೊಡುವ 3300 ಮೆಗಾಹರ್ಟ್ಸ್ ತರಂಗ ಹೆಚ್ಚು ದೂರ ಹೋಗದು, ಗುಡ್ಡ, ತೋಟ ಅಡ್ಡ ಬಂದರೆ ಸೊರಗುತ್ತದೆ. 700 ಮೆಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. ಮಂಗಳೂರಿನ ನಡುವಿನ ಹಂಪನಕಟ್ಟೆಗೆ ಮೊದಲನೆಯದು ಸಾಕು, ಘಟ್ಟದ ಬುಡದ ಬೆಳ್ತಂಗಡಿಗೆ ಎರಡನೆಯದೇ ಬೇಕು.

ಈಗ 6ಜಿ ಮಾತು. ಸರಕಾರದ ದೃಷ್ಟಿಪತ್ರ 2030 ಎನ್ನುತ್ತದೆ, ಮಾನದಂಡ ಇನ್ನೂ ರೂಪುಗೊಳ್ಳುತ್ತಿದೆ. ಹಿಂದಿನ ಅನುಭವ ನೋಡಿದರೆ ಆ ವರ್ಷದ ಬಗ್ಗೆ ಸಂಶಯ ಸಹಜ. ಅದಕ್ಕಿಂತ ಮುಖ್ಯ, ಮೊದಲ ನಗರದಲ್ಲಿ ಸೇವೆ ಶುರುವಾದ ದಿನವನ್ನೇ ತಲೆಮಾರಿನ ಹುಟ್ಟುದಿನ ಎನ್ನುವುದು ನಿಲ್ಲಬೇಕು. ಮುಂದಿನ ಹರಾಜಿನ ಷರತ್ತಿನಲ್ಲಿ ಸುಳ್ಯ, ಬೆಳ್ತಂಗಡಿಯಂಥ ಪ್ರತಿ ತಾಲ್ಲೂಕಿಗೂ ಗಡುವು ಮತ್ತು ಟವರ್‌ಗೆ ಬ್ಯಾಟರಿ ಬ್ಯಾಕಪ್ ಬರೆದಿಡಲೇಬೇಕು.