ಬಚ್ಚಲ ಮನಿ ಮತ್ತ ಲಂಡನ್ನಿನ ಕ್ಯೂಬಿಟ್

ಮಗಳ ಚೊಚ್ಚಲ ಬಾಣಂತನಕ್ಕ ಇನ್ನ ಒಂದೂವರಿ ತಿಂಗಳಿತ್ತು. ಬಾಣಂತಿಗೆ ಎರೀಲಿಕ್ಕೆ ಬಚ್ಚಲ ಛಲೋ ಇರ್ಲಿ ಅಂತ ಕೆಲಸ ಹಿಡಿಸಿದೆ. ಗುತ್ತಿಗೆದಾರ ಯಾಕ ಬೇಕು, ನಾನ ಮಾಡಸ್ತೇನಿ ಅಂದೆ. ಪ್ಲಂಬರ್‌ಗಿಂತ ಮೊದಲ ಟೈಲ್ಸಿನಾವ ಬಂದ. ಬಂದಾವನ್ನ ಖಾಲಿ ಕಳಸೋದ್ಯಾಕ ಅಂತ ಹಚ್ಚಲಿಕ್ಕೆ ಹೇಳಿದೆ. ನಾಕ ದಿನಕ್ಕ ಪ್ಲಂಬರ್ ಬಂದು, ಪೈಪಿನ ಸಲುವಾಗಿ ಒಂದ ಸಾಲು ಟೈಲ್ಸ್ ಒಡದ. ಇಬ್ಬರೂ ಒಬ್ಬರ ಮ್ಯಾಲೊಬ್ಬರು ಹಾಕಿದ್ರು. ಖರೇ ಹೇಳ್ಬೇಕಂದ್ರ ತಪ್ಪು ನಂದ.

ಇದ ತ್ರಾಸು ಇನ್ನೂರು ವರ್ಷದ ಹಿಂದ ಲಂಡನ್ನಿನ ಥಾಮಸ್ ಕ್ಯೂಬಿಟ್‌ಗೂ ಆಗಿತ್ತು. 1788ರಾಗ ಹುಟ್ಟಿದ ಬಡಿಗ್ಯಾ ಅಂವ. ಹಡಗಿನಾಗ ಬಡಿಗತನ ಮಾಡಕೋತ ನಮ್ಮ ದೇಶಕ್ಕೂ ಬಂದು ಹೋಗಿದ್ದ. ಆ ಕಾಲದಾಗ ಗೌಂಡಿ, ಬಡಿಗ್ಯಾ, ಕಮ್ಮಾರ, ಗಾಜಿನಾವ ಎಲ್ಲಾರದೂ ಬ್ಯಾರೆ ಬ್ಯಾರೆ ಕರಾರು. 1815ರಾಗ ಲಂಡನ್ ಇನ್‌ಸ್ಟಿಟ್ಯೂಷನ್ ಕಟ್ಟಡದ ಗುತ್ತಿಗಿ ಹಿಡದ. ಹೇಳಿದ ಹೊತ್ತಿಗೆ ಮುಗಸಬೇಕು, ಆದ್ರ ಒಳಗುತ್ತಿಗಿಯವರು ಹೇಳಿದ ಹೊತ್ತಿಗೆ ಬರಲೊಲ್ಲರು. ಬ್ಯಾಸತ್ತು ಗ್ರೇಸ್ ಇನ್ ರೋಡಿನಾಗ ಜಾಗಾ ಹಿಡದು, ವರ್ಕ್‌ಶಾಪ್ ಕಟ್ಟಿಸಿ, ಎಲ್ಲಾ ಕಸಬಿನವರನ್ನೂ ಕಾಯಂ ಪಗಾರದ ಮ್ಯಾಲೆ ಇಟಗೊಂಡ.

ಆದ್ರ ಪಗಾರ ಅಂದ ಮ್ಯಾಲೆ ಕೆಲಸ ಇರ್ಲಿ ಬಿಡ್ಲಿ ಕೊಡಾಕಬೇಕಲ್ಲ? ಮಂದಿ ಖಾಲಿ ಕೂಡಬಾರದು ಅಂತ, ಗಿರಾಕಿ ದಾರಿ ಕಾಯದ ತಾನ ಜಾಗಾ ಹಿಡದು ಮನಿ ಕಟ್ಟಲಿಕ್ಕೆ ಹತ್ತಿದ. ಬ್ಲೂಮ್ಸ್‌ಬರಿ, ಬೆಲ್ಗ್ರೇವಿಯಾದಾಗಿನ ಎಷ್ಟೋ ಸಾಲುಮನಿ ಹಂಗ ಎದ್ದವು. 1845ರಿಂದ ವಿಕ್ಟೋರಿಯಾ ರಾಣಿಗೆ ಆಸ್ಬೋರ್ನ್ ಹೌಸ್ ಕಟ್ಟಿಕೊಟ್ಟಾವನೂ ಇವನ.

ನಂದೋ ಒಂದ ಬಚ್ಚಲ. ಯಾರನ್ನ ಪಗಾರಿಗೆ ಇಡ್ಲಿ? ವಿಚಾರ ಮಾಡಿದೆ. ಕ್ಯೂಬಿಟ್ ರೊಕ್ಕಾ ಕೊಟ್ಟು ತಗೊಂಡದ್ದು ಬರೇ ಕೈಗಳನ್ನಲ್ಲ, ಯಾರ ಹಿಂದ ಯಾರು ಅನ್ನೋ ಪಾಳಿನೂ ತನ್ನ ಕೈಯಾಗ ತಗೊಂಡ. ಪಾಳಿ ಹಚ್ಚಲಿಕ್ಕೆ ಪಗಾರ ಬೇಕಾಗಿಲ್ಲ.

ಪ್ಲಂಬರ್, ಟೈಲ್ಸಿನಾವ, ಕರೆಂಟಿನಾವ ಮೂವರನ್ನೂ ಒಂದ ಹೊತ್ತಿಗೆ ಚಹಾಕ್ಕ ಕರದೆ. ಒಡದ ಟೈಲ್ಸಿನ ಖರ್ಚು ನಂದು ಅಂತ ಮೊದಲ ಹೇಳಿಬಿಟ್ಟೆ. ಜಗಳ ಅಲ್ಲೇ ತಣ್ಣಗಾತು. ಕ್ಯಾಲೆಂಡರಿನ ಹಿಂದ ಬರದ್ವಿ: ಪೈಪು, ನೀರು ಬಿಟ್ಟು ಸೋರತದೇನಂತ ನೋಡೋದು, ವೈರಿಂಗು, ಗಿಲಾವು, ಟೈಲ್ಸು, ಕಡೀಕ ನಳ. ಮುಂದಿನಾವ ನೋಡಿ 'ಹೂಂ' ಅಂದ್ರ ಹಿಂದಿನಾವಗ ರೊಕ್ಕಾ, ಅದೂ ಅವತ್ತ. ನಾಳೆ ಬಾ ಅನ್ನಂಗಿಲ್ಲ.

ಮಗಳು ಬರೋದ್ರೊಳಗ ಬಚ್ಚಲ ತಯಾರಾತು. ಅದ ಬಣ್ಣದ ಟೈಲ್ಸ್ ಮತ್ತ ಸಿಗಲಿಲ್ಲ, ಒಂದ ಸಾಲು ಬ್ಯಾರೆ ಕಾಣತದ. "ಇದ್ಯಾಕವ್ವಾ ಹಿಂಗ?" ಅಂದ್ಲು. "ನನ್ನ ಗುತ್ತಿಗೆದಾರಕಿ" ಅಂದೆ.

ವೈನಿ, ನೀವು ಅಡಗಿಮನಿ ರಿಪೇರಿ ತಗೀತೀರಂತಲ್ಲ. ಸಾಮಾನು ತರಸೂಕಿಂತ ಮೊದಲ ಎಲ್ಲಾರನ್ನೂ ಚಹಾಕ್ಕ ಕರೀರಿ.