ಗ್ವಾದಲಿ ಇಲ್ಲದ ಮನೆ: ಕೃಷ್ಣಾ–ಭೀಮಾ ನಡುನಾಡಿನಲ್ಲಿ ನೆರವಿನ ಚರಿತ್ರೆ

1791-92ರ ಬರವನ್ನು ವಿಜಯಪುರ ಸೀಮೆಯವರು ‘ಡೋಗಿ ಬರ’ ಎಂದರು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲೇ ಬಿದ್ದಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಸಂಘಟಿತ ನೆರವಿನ ಜಾಡು ಸ್ಪಷ್ಟವಾಗಿ ಸಿಗುವುದು 1876-78ರ ಬರದಲ್ಲಿ.

ಆಗ ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಸರ್ಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಸಲಹೆಯಂತೆ ಕೂಲಿ ಇಳಿಯಿತು: ದಿನಕ್ಕೆ ಸುಮಾರು 450 ಗ್ರಾಂ ಕಾಳು, ಮೇಲಿಷ್ಟು ಚಿಲ್ಲರೆ ಕಾಸು. 1870ರಲ್ಲಿ ಹುಟ್ಟಿದ ಪುಣೆಯ ಸಾರ್ವಜನಿಕ ಸಭೆ ಜಿಲ್ಲೆಗಳಿಂದ ವರದಿ ತರಿಸಿಕೊಂಡು, ಈ ಕೂಲಿ ಹೊಟ್ಟೆಗೆ ಸಾಲದೆಂದು ಸರ್ಕಾರಕ್ಕೆ ಬರೆಯುತ್ತಲೇ ಹೋಯಿತು. ಕಾಳು ಹಂಚಿದ್ದಕ್ಕಿಂತ ಹೀಗೆ ಬರೆದದ್ದೇ ದೊಡ್ಡ ಉಪಕಾರವೆಂದು ನಾನು ತಿಳಿಯುತ್ತೇನೆ. ಜನರು ನಿಜಾಮರ ಸೀಮೆಗೆ ಗುಳೆ ಹೊರಟರು. ಹೋಗದೆ ಉಳಿದವರಲ್ಲಿ ಬಹಳ ಮಂದಿ ಸತ್ತರು. 1872ರಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.4 ಲಕ್ಷ.

ಎರಡನೆಯ ಗುಳೆಗೆ ನೀರೇ ಕಾರಣ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟು ಯೋಜನೆಗೆ ಅಡಿಗಲ್ಲಿಟ್ಟರು. ಮುಳುಗಡೆ ಸಂತ್ರಸ್ತರ ಪುನರ್ವಸತಿ ಹಿಂದೆ ಬಿದ್ದದ್ದರಿಂದ 1992ರಲ್ಲಿ ವಿಶ್ವಬ್ಯಾಂಕ್ ಸಾಲದ ಹಣವನ್ನೇ ತಡೆಹಿಡಿಯಿತು. ಆ ದಶಕದಲ್ಲಿ ಯೋಜನೆಯ ಪುನರ್ವಸತಿ ಕೆಲಸಕ್ಕೆ ಕೈಜೋಡಿಸಿದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ನಾಡು ಬಿಟ್ಟು ಓಡಿಬಂದವರ ನಡುವೆ ಕಲಿತ ವಿದ್ಯೆ ಹೀಗೆ ಕೃಷ್ಣೆಯ ದಂಡೆಗೂ ಬಂತು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡದೆ ಸುರಿದ ಮಳೆಗೆ ಡೋಣಿ, ಭೀಮಾ ಉಕ್ಕಿದವು. ಹೊಳೆಯಿಂದ ದೂರವಿದ್ದ ಊರುಗಳಲ್ಲೂ ಮಣ್ಣಿನ ಮಾಳಿಗೆಗಳು ನೆನೆದು, ಜಂತಿ ಸಮೇತ ಕುಸಿದವು. ಶಾಲೆ, ಗುಡಿಗಳು ಗಂಜಿ ಕೇಂದ್ರಗಳಾದವು. ಆಮೇಲೆ ಬಂದದ್ದು ‘ಆಸರೆ’: ಸರ್ಕಾರದ ಜಾಗದಲ್ಲಿ ದಾನಿಗಳ ನೆರವಿನಿಂದ ಮನೆ. ಕಂಪನಿಗಳು, ಮಠಗಳು, ಟ್ರಸ್ಟ್‌ಗಳು ಮುಂದೆ ಬಂದವು. ಅವರ ಕಳಕಳಿ ದೊಡ್ಡದು. ಆದರೆ ಹಲವು ಕಡೆ ಮನೆಗಳು ಖಾಲಿ ಉಳಿದವು, ಸುತ್ತ ಜಾಲಿ ಬೆಳೆಯಿತು.

ಈ ಸೀಮೆಯ ಒಕ್ಕಲಿಗನ ಮನೆಯನ್ನು ಹೊಕ್ಕು ನೋಡಬೇಕು. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ದಂದಕ್ಕಿ; ಅಲ್ಲಿ ಮೇವು ಹಾಕುವ ಗ್ವಾದಲಿ, ಗ್ವಾದಲಿಗೆ ಕಟ್ಟಿದ ಎತ್ತು. ಒಂದು ಮೆಟ್ಟಿಲು ಮೇಲೆ ಮನುಷ್ಯರ ಪಡಸಾಲೆ, ಒಳಗೆ ಅಡುಗೆಮನೆ. ರಾತ್ರಿ ಎತ್ತು ಮೆಲುಕು ಹಾಕುವ ಸದ್ದು ಮಲಗಿದವನಿಗೆ ಕೇಳುತ್ತಿರಬೇಕು. ಆಸರೆಯ ಸಣ್ಣ ಕಾಂಕ್ರೀಟ್ ಮನೆಯಲ್ಲಿ ದಂದಕ್ಕಿ ಇರಲಿಲ್ಲ. ಹೊಲವೂ ಹಳೆಯ ಊರಿನ ಮಗ್ಗುಲಲ್ಲೇ ಉಳಿಯಿತು. ಜನ ಅಲ್ಲಿಗೇ ಹಿಂದಿರುಗಿದ್ದನ್ನು ಹಠವೆಂದು ಬರೆದವರುಂಟು. ನಾನು ಹಾಗೆನ್ನಲಾರೆ, ಅದು ಬದುಕಿನ ಲೆಕ್ಕ.

ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಮತ್ತೆ ಊರುಗಳು ಏಳಬೇಕಾಗುತ್ತದೆ. ಅಲ್ಲಿಗೆ ಹೋಗುವ ಸಂಸ್ಥೆಗಳು ಮನೆಯ ನಕ್ಷೆ ಹಾಕುವ ಮೊದಲು, ಎತ್ತು ಎಲ್ಲಿ ಕಟ್ಟುತ್ತೀರಿ ಎಂದು ಆ ಮನೆಯವರನ್ನೇ ಕೇಳಲಿ.