ಹೊಗೆಯ ಮೂಲ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯಬೇಕು. ತರ್ಕಶಾಸ್ತ್ರಕ್ಕೆ ಕಾಲಿಡುವ ವಿದ್ಯಾರ್ಥಿಗೆ ಹೇಳಿಕೊಡುವ ಮೊದಲ ಪಾಠ ಇದು. ಆದರೆ ಊರಿಗೆ ಊರೇ ಹೊಗೆಯಲ್ಲಿ ಮುಳುಗಿ, ಬೆಂಕಿ ಮಾತ್ರ ಎಲ್ಲಿಯೂ ಕಾಣದಿದ್ದರೆ ಏನೆಂದು ಊಹಿಸಬೇಕು? ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯ ಸಂಸ್ಥಾನದ ಜನರಿಗೆ ಒಮ್ಮೆ ಇಂಥ ಸಮಸ್ಯೆ ಎದುರಾಯಿತು. ಅದರ ಬೆನ್ನುಹತ್ತಿ ಹೋದ ಆ ಸಂಸ್ಥಾನ, ಇಡೀ ದೇಶವೇ ಮುಂದಾಗದಿದ್ದ ದಾರಿಯಲ್ಲಿ ತಾನೊಂದೇ ಹೆಜ್ಜೆಯಿಟ್ಟಿತು. ಆ ಕಥೆ ತಿಳಿಯತಕ್ಕದ್ದಾಗಿದೆ.

1943ನೆಯ ಇಸವಿ ಜುಲೈ 26ರಂದು ಲಾಸ್ ಏಂಜಲೀಸ್ ನಗರದ ಮೇಲೆ ದಟ್ಟವಾದ ಮಬ್ಬು ಕವಿಯಿತು. ಜನರ ಕಣ್ಣುರಿದು ನೀರು ಸುರಿಯಿತು, ಗಂಟಲು ಕೆರೆಯಿತು. ಮಹಾಯುದ್ಧದ ಕಾಲವಾದುದರಿಂದ ಜಪಾನೀಯರು ವಿಷವಾಯು ಬಿಟ್ಟರೆಂದು ಕೆಲವರು ಗಾಬರಿಪಟ್ಟರು. ಅದು ಸುಳ್ಳೆಂದು ತಿಳಿದಮೇಲೆ ಕೃತಕ ರಬ್ಬರಿಗೆ ಬೇಕಾದ ದ್ರವ್ಯವನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯ ಮೇಲೆ ಅನುಮಾನ ಬಿತ್ತು. ಕಾರ್ಖಾನೆಯನ್ನು ಕೆಲಕಾಲ ನಿಲ್ಲಿಸಿ ನೋಡಿದರು. ಮಬ್ಬು ಹೋಗಲಿಲ್ಲ.

ಆ ನಗರದ ನೆಲದ ಗುಣವನ್ನೂ ಇಲ್ಲಿ ಹೇಳಬೇಕು. ಒಂದು ಕಡೆ ಸಮುದ್ರ, ಉಳಿದ ಕಡೆ ಬೆಟ್ಟಗಳ ಸಾಲು. ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತುಬಿಡುತ್ತದೆ. ಕೆಳಗೆ ಹುಟ್ಟಿದ ಹೊಗೆಗೆ ಹೊರದಾರಿಯಿಲ್ಲ. 1947ರಲ್ಲಿ ಗವರ್ನರ್ ಅರ್ಲ್ ವಾರೆನ್ನರು ಜಿಲ್ಲೆಗೊಂದು ವಾಯುಮಾಲಿನ್ಯ ನಿಯಂತ್ರಣ ಮಂಡಲಿಯನ್ನು ಸ್ಥಾಪಿಸಲು ಅವಕಾಶ ಕೊಡುವ ಕಾಯಿದೆಗೆ ಅಂಕಿತ ಹಾಕಿದರು. ಕಾರ್ಖಾನೆಗಳ ಚಿಮಣಿಗಳಿಗೆ, ಎಣ್ಣೆ ಶುದ್ಧಿಮಾಡುವ ಸ್ಥಾವರಗಳಿಗೆ ಕಟ್ಟುಪಾಡು ಬಂದಿತು. ಮುಂದೆ 1957ರಲ್ಲಿ ಮನೆಯ ಹಿತ್ತಿಲಲ್ಲಿ ಕಸ ಸುಡುವುದೂ ನಿಂತಿತು. ಆದರೂ ಕಣ್ಣುರಿ ತಪ್ಪಲಿಲ್ಲ.

ಗುಟ್ಟನ್ನು ಒಡೆದವರು ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು. ಡಚ್ ದೇಶದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದ ಪ್ರಸಿದ್ಧ ವಿಜ್ಞಾನ ಸಂಸ್ಥೆಯೊಂದರಲ್ಲಿ ಅಧ್ಯಾಪಕರಾಗಿದ್ದ ಅವರು ಅನಾನಸು ಹಣ್ಣಿನ ಪರಿಮಳ ಯಾವುದರಿಂದ ಬರುತ್ತದೆಂದು ಪರಿಶೋಧಿಸುತ್ತಿದ್ದವರು. ಹಣ್ಣಿನ ಗಂಧವನ್ನು ಹಿಡಿದಿಟ್ಟ ಉಪಾಯದಿಂದಲೇ ಊರಿನ ಗಾಳಿಯನ್ನೂ ಹಿಡಿದು ನೋಡಿದರು. ಮೋಟಾರುಗಳಿಂದಲೂ ಎಣ್ಣೆಯ ಸ್ಥಾವರಗಳಿಂದಲೂ ಹೊರಬಿದ್ದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಬೆರೆತಾಗ ಓಜೋನ್ ಎಂಬ ಉಗ್ರವಾದ ಅನಿಲ ಹುಟ್ಟುತ್ತದೆಂದು 1950ರ ನಂತರದ ಒಂದೆರಡು ವರ್ಷಗಳಲ್ಲಿ ತೋರಿಸಿಕೊಟ್ಟರು. ಎಣ್ಣೆ ವ್ಯಾಪಾರಸ್ಥರ ಹಣದಿಂದ ನಡೆಯುತ್ತಿದ್ದ ಸಂಶೋಧನೆಗಳು ಇದನ್ನು ಅಲ್ಲಗಳೆದವು. ಆದರೆ ಸತ್ಯ ನಿಂತಿತು. ಶತ್ರುವಿನ ನೌಕೆಯಲ್ಲಿ, ಪಕ್ಕದ ಕಾರ್ಖಾನೆಯಲ್ಲಿ ಹುಡುಕಿದ ಬೆಂಕಿ ಅವರವರ ಮನೆಯ ಮುಂದೆ ನಿಂತ ಮೋಟಾರಿನಲ್ಲಿಯೇ ಇದ್ದಿತು!

ತಿಳಿದ ಮಾತ್ರಕ್ಕೆ ಕಾಯಿದೆ ಹುಟ್ಟುವುದಿಲ್ಲ, ಕೇಳುವವರು ಬೇಕು. 1958ರಲ್ಲಿ ಲಾಸ್ ಏಂಜಲೀಸಿನ ಕೆಲವು ಗೃಹಿಣಿಯರು 'ಸ್ಟಾಂಪ್ ಔಟ್ ಸ್ಮಾಗ್' ಎಂಬ ಸಂಘ ಕಟ್ಟಿದರು. ಹೊಗೆ, ಮಂಜು ಎಂಬ ಎರಡು ಇಂಗ್ಲಿಷ್ ಶಬ್ದಗಳನ್ನು ಕೂಡಿಸಿ ಮಾಡಿದ ಪದವೇ ಸ್ಮಾಗ್. ಅದನ್ನು ಅಳಿಸಿಹಾಕಿ ಎಂಬುದು ಸಂಘದ ಹೆಸರಿನ ಅರ್ಥ. ಬೇರೆ ಬೇರೆ ಸಂಘಗಳನ್ನು ತಮ್ಮೊಡನೆ ಸೇರಿಸಿಕೊಂಡು, ಅಧಿಕಾರಿಗಳ ವಿಚಾರಣೆಗಳಿಗೆ ಬಿಡದೆ ಹೋಗಿ ಅವರು ಒತ್ತಾಯ ತಂದರು. 1966ರಲ್ಲಿ ಮೋಟಾರಿನ ಹೊಗೆಗೆ ಮಿತಿ ಗೊತ್ತುಮಾಡಿದ ನಿಯಮ ಅಮೆರಿಕದಲ್ಲಿ ಮೊದಲು ಜಾರಿಗೆ ಬಂದುದು ಈ ಸಂಸ್ಥಾನದಲ್ಲಿಯೇ. 1967ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ನರ ಅಂಕಿತದಿಂದ ಇಡೀ ಸಂಸ್ಥಾನಕ್ಕೆ ಒಂದು ವಾಯುಸಂಪನ್ಮೂಲ ಮಂಡಲಿ ಏರ್ಪಟ್ಟಿತು. ಅದರ ಮೊದಲ ಅಧ್ಯಕ್ಷರು ನಮ್ಮ ಅನಾನಸಿನ ಪಂಡಿತರೇ.

ಅದೇ ವರ್ಷ ರಾಜಧಾನಿ ವಾಷಿಂಗ್‌ಟನ್ನಿನಲ್ಲಿ ಒಂದು ಮುಖ್ಯವಾದ ವಾದ ನಡೆಯಿತು. ದೇಶಕ್ಕೆಲ್ಲ ಒಂದೇ ನಿಯಮವಿರಲಿ ಎಂದರು ಮೋಟಾರು ತಯಾರಕರು. ನಿಮ್ಮ ನಿಯಮಕ್ಕಿಂತ ಬಿಗಿಯಾದುದನ್ನು ಮಾಡಿಕೊಳ್ಳುವ ಸ್ವಾತಂತ್ರ್ಯ ನಮಗಿರಲಿ ಎಂದರು ಕ್ಯಾಲಿಫೋರ್ನಿಯದವರು. ಕೊನೆಗೆ ಆ ಒಂದು ಸಂಸ್ಥಾನಕ್ಕೆ ವಿನಾಯಿತಿ ದೊರೆಯಿತು. ಬೇರೆ ಸಂಸ್ಥಾನಗಳು ಬೇಕಾದರೆ ಕ್ಯಾಲಿಫೋರ್ನಿಯದ ನಿಯಮವನ್ನು ಅನುಸರಿಸಬಹುದೆಂದು 1977ರಲ್ಲಿ ಸೇರಿಸಲಾಯಿತು. ಮುಂದಿನ ಕಥೆಯೆಲ್ಲ ಈ ಸಣ್ಣ ಬೀಜದಿಂದ ಚಿಗುರಿದುದು.

ಏಕೆಂದರೆ ಕಾಲ ಕಳೆದಂತೆ ಎರಡನೆಯ ಸಮಸ್ಯೆಯೊಂದು ಎದ್ದಿತು. ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಗಂಟಲನ್ನು ಕೆರೆಯದು. ಆದರೆ ಭೂಮಿಯ ಶಾಖವನ್ನು ಹೊರಹೋಗಗೊಡದೆ ಹಿಡಿದಿಟ್ಟು ಲೋಕದ ಹವಾಮಾನವನ್ನೇ ಕೆಡಿಸುತ್ತದೆ. ಕಾಣದ ಹೊಗೆಗೆ ಕಾಯಿದೆ ಮಾಡಿಸುವುದು ಹೇಗೆ?

ಬ್ಲೂವಾಟರ್ ನೆಟ್‌ವರ್ಕ್ ಎಂಬ ಸಣ್ಣ ಸಂಸ್ಥೆಯ ಸಲಹೆಯನ್ನು ಕೈಗೆತ್ತಿಕೊಂಡು, ಮೋಟಾರುಗಳಿಂದ ಹೊರಡುವ ಈ ಅನಿಲವನ್ನು ಇಳಿಸುವ ಮಸೂದೆಯನ್ನು ಶಾಸನಸಭೆಯಲ್ಲಿ ಮಂಡಿಸಿದವರು ಫ್ರಾನ್ ಪೇವ್ಲಿ. ಆಕೆ ಬಹುಕಾಲ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು ಎಂಬುದನ್ನು ಅದೇ ವೃತ್ತಿಯ ನಾನು ಸಂತೋಷದಿಂದ ಹೇಳುತ್ತೇನೆ. ನಿಮ್ಮ ದೊಡ್ಡ ಗಾಡಿಗಳನ್ನು ಕಿತ್ತುಕೊಳ್ಳುತ್ತಾರೆ ಎಂದು ಜಾಹೀರಾತುಗಳ ಮೂಲಕ ಜನರನ್ನು ಹೆದರಿಸಲಾಯಿತು. ಹೊಸ ತೆರಿಗೆಯಿಲ್ಲ, ಯಾವ ಬಗೆಯ ಗಾಡಿಗೂ ನಿಷೇಧವಿಲ್ಲ ಎಂದು ಕಾಯಿದೆಯಲ್ಲಿಯೇ ಬರೆದು ಆ ಭಯವನ್ನು ನೀಗಿಸಿದರು. 2002ರ ಜುಲೈ 22ರಂದು ಅದು ಶಾಸನವಾಯಿತು. ಆಕೆಯೂ ಫೇಬಿಯನ್ ನೂನ್ಯೆಸರೂ ಕೂಡಿ ತಂದ ಇನ್ನೊಂದು ಕಾಯಿದೆ 2006ರಲ್ಲಿ ಗವರ್ನರ್ ಆರ್ನಾಲ್ಡ್ ಷ್ವಾರ್ಜನೆಗರರ ಅಂಕಿತ ಪಡೆಯಿತು. ಇಡೀ ಸಂಸ್ಥಾನದ ಇಂಥ ಅನಿಲಗಳ ಮೊತ್ತವನ್ನು 2020ರೊಳಗೆ 1990ರ ಮಟ್ಟಕ್ಕೆ ಇಳಿಸಬೇಕೆಂಬುದು ಅದರ ವಿಧಿ.

2010ರಲ್ಲಿ ಅದಕ್ಕೆ ಅಗ್ನಿಪರೀಕ್ಷೆ ಬಂದಿತು. ನಿರುದ್ಯೋಗ ಇಳಿಯುವವರೆಗೆ ಕಾಯಿದೆಯನ್ನು ತಡೆಹಿಡಿಯಬೇಕೆಂಬ ಸೂಚನೆಯನ್ನು ಟೆಕ್ಸಾಸಿನ ಎಣ್ಣೆ ಕಂಪನಿಗಳ ಹಣದ ಬಲದಿಂದ ಜನರ ಮತಕ್ಕೆ ಇಡಲಾಯಿತು. ಕೆಲಸವಿಲ್ಲದೆ ಜನ ನಿಜವಾಗಿಯೂ ಕಷ್ಟದಲ್ಲಿದ್ದ ವರ್ಷ ಅದು. ಆದರೂ ಮತ ಹಾಕಿದವರಲ್ಲಿ ನೂರಕ್ಕೆ 61ಕ್ಕಿಂತ ಹೆಚ್ಚು ಜನ ಆ ಸೂಚನೆಯನ್ನು ತಿರಸ್ಕರಿಸಿದರು. 2020ಕ್ಕೆಂದು ಇಟ್ಟ ಗುರಿಯನ್ನು ಸಂಸ್ಥಾನ 2016ರಲ್ಲಿಯೇ ಮುಟ್ಟಿತು. 2045ರೊಳಗೆ ಜನರಿಗೆ ಮಾರುವ ವಿದ್ಯುತ್ತೆಲ್ಲ ಇಂಗಾಲದ ಸೋಂಕಿಲ್ಲದ ಮೂಲಗಳಿಂದ ಬರಬೇಕೆಂದು 2018ರಲ್ಲಿ ಮತ್ತೊಂದು ಶಾಸನವಾಯಿತು.

ಇದೆಲ್ಲ ದೋಷರಹಿತವಾಗಿ ನಡೆಯಿತೆನ್ನಲಾಗದು. ಹಣ ತೆತ್ತು ಹೊಗೆ ಬಿಡುವ ಹಕ್ಕನ್ನು ಕೊಳ್ಳುವ ಏರ್ಪಾಡಿನಿಂದ ಎಣ್ಣೆ ಸ್ಥಾವರಗಳ ನೆರೆಯ ಬಡವರಿಗೆ ಪ್ರಯೋಜನವೇನೆಂದು ಅಲ್ಲಿನ ಸಂಘಗಳು ನ್ಯಾಯಾಲಯದವರೆಗೆ ಹೋಗಿ ಕೇಳಿದವು. ಆ ಏರ್ಪಾಡಿನ ಹಣದಲ್ಲಿ ನಾಲ್ಕನೆಯ ಒಂದು ಪಾಲು ಅಂಥ ನೆರೆಹೊರೆಗಳ ಹಿತಕ್ಕೆ ಸಲ್ಲಬೇಕೆಂದು 2012ರಲ್ಲಿ ವಿಧಿಯಾಯಿತು. ಇತ್ತ ಮೂಲದ ವಿನಾಯಿತಿಗೂ ಏಟು ಬಿದ್ದಿದೆ. 2025ರ ಜೂನ್ 12ರಂದು ಅಧ್ಯಕ್ಷ ಟ್ರಂಪ್ ಅವರು ಅಂಕಿತ ಹಾಕಿದ ನಿರ್ಣಯಗಳು ಮೋಟಾರುಗಳ ಬಗ್ಗೆ ಕ್ಯಾಲಿಫೋರ್ನಿಯಕ್ಕೆ ಕೊಟ್ಟಿದ್ದ ಹೊಸ ಅನುಮತಿಗಳನ್ನು ರದ್ದುಮಾಡಿದವು. ಅದೇ ದಿನ ಆ ಸಂಸ್ಥಾನ, ಜೊತೆಯ ಸಂಸ್ಥಾನಗಳನ್ನು ಕೂಡಿಕೊಂಡು, ನ್ಯಾಯಾಲಯದ ಬಾಗಿಲು ತಟ್ಟಿತು.

ಲಾಸ್ ಏಂಜಲೀಸಿನ ಹಿಂದೆ ಸಾನ್ ಗೇಬ್ರಿಯಲ್ ಎಂಬ ಬೆಟ್ಟಗಳಿವೆ. ಒಂದು ತಲೆಮಾರಿನ ಮಕ್ಕಳಿಗೆ ದಿನಗಟ್ಟಲೆ ಆ ಬೆಟ್ಟಗಳು ಕಾಣುತ್ತಲೇ ಇರಲಿಲ್ಲ. ಇಂದಿಗೂ ಆ ಊರಿನ ಗಾಳಿ ಪೂರ್ತಿ ಶುದ್ಧವಾಗಿಲ್ಲ. ಆದರೆ ಬೆಟ್ಟಗಳು ಕಾಣುವ ದಿನಗಳು ಹೆಚ್ಚಿವೆ. ಹೊಗೆ ಕಂಡಾಗ ಬೆಂಕಿಯನ್ನು ಪರರ ಅಂಗಳದಲ್ಲಿ ಹುಡುಕುವುದು ಮನುಷ್ಯ ಸ್ವಭಾವ. ತನ್ನ ಅಂಗಳದಲ್ಲಿಯೂ ಇದೆಯೆಂದು ಒಪ್ಪಿಕೊಂಡು, ಆಮೇಲೆ ಆಳುವವರ ಬಾಗಿಲಿಗೆ ಹೋಗಿ ಕಾಯಿದೆ ಕೇಳಿದ ಜನರು ಅವರು. ಅವರ ಮಾತಿಗೆ ತೂಕ ಬಂದದ್ದು ಆ ಒಪ್ಪಿಗೆಯಿಂದ.